ಡೊಂಬಿವಲಿಯಲ್ಲಿ ಹತ್ತುವವನ ಸೀಟು

ಗಾಡಿಯ ದೋಸ್ತ ಶೀನನಿಗೆ,

ಹದಿನೆಂಟು ವರ್ಷ, ಕಲ್ಯಾಣದಲ್ಲಿ ಲೋಕಲ್ ಹತ್ತಿದ ಕೂಡಲೇ ಪಕ್ಕಕ್ಕೆ ಕರ್ಚೀಫು ಎಸೆದು ನಿನಗೆ ಸೀಟು ಹಿಡಿದವನು ನಾನು. ನೀನು ಡೊಂಬಿವಲಿಯಲ್ಲಿ ನುಗ್ಗಿ ಬಂದು ಅದರ ಮೇಲೆಯೇ ಕೂರುತ್ತಿದ್ದೆ. ಒಂದು ದಿನವಾದರೂ ಎತ್ತಿ ಕೊಟ್ಟಿದ್ದೀಯಾ? ನೀನು ಹೋದದ್ದೇ, ದಾದರಿನ ಉಡುಪಿ ಹೋಟೆಲಿನ ಅಡುಗೆ ಕೆಲಸ ಬಿಡುತ್ತೇನೆಂದು ಯಜಮಾನರಿಗೆ ಹೇಳಿಬಿಟ್ಟೆ. ಸಾಂಬಾರ್ ಕುದಿಸುವಷ್ಟು ಬಲ ಕೈಯಲ್ಲಿ ಇನ್ನೂ ಇದೆ. ಆದರೆ ದಿನವೂ ಒಂದು ಗಂಟೆ ಆ ಗಾಡಿಯಲ್ಲಿ, ಬಾಯಿ ಮುಚ್ಚಿಕೊಂಡು...

ನಿನ್ನ ಹದಿಮೂರನೇ ದಿನದ ಬೊಜ್ಜದ ಊಟ ಉಂಡು ಬಂದ ಮರುದಿನ ಕೈ ತಾನಾಗಿ ಕರ್ಚೀಫು ಎಸೆಯಿತು. ನನಗೆ ಗೊತ್ತೇ ಆಗಲಿಲ್ಲ. ಠಾಕುರ್ಲಿಯಲ್ಲಿ ಹತ್ತಿದ ದಪ್ಪ ಮೀಸೆಯವನೊಬ್ಬ ನನ್ನ ಕೈಯಲ್ಲಿದ್ದ ಕನ್ನಡ ಪೇಪರ್ ನೋಡಿ, "ಕಾಕಾ, ಇಲ್ಲಿ ಯಾರರೆ ಬರಾವ್ರು ಅದಾರೇನ್ರಿ?" ಎಂದ.

"ಡೊಂಬಿವಲಿಯಲ್ಲಿ ಹತ್ತುತ್ತಾನೆ. ಕರ್ಚೀಫು ಕಾಣುದಿಲ್ವಾ ನಿನಗೆ?"

ಡೊಂಬಿವಲಿ ಬಂತು. ಜನ ನುಗ್ಗಿದರು. ಆ ಪುಣ್ಯಾತ್ಮ ಎರಡೂ ಕೈ ಅಡ್ಡ ಹಿಡಿದು, "ಆದ್ಮಿ ಆನೇವಾಲಾ ಹೈ" ಎನ್ನುತ್ತ, ಎಲ್ಲರಿಂದ ಬೈಸಿಕೊಳ್ಳುತ್ತ ನಿನ್ನ ಸೀಟು ಕಾದ. ಗಾಡಿ ಹೊರಟಿತು. ಆಗ ನೆನಪಾಯಿತು, ಶೀನ.

"ಬರ್ಲಿಲ್ಲಲ್ರಿ ನಿಮ್ ದೋಸ್ತ?"

"ಬರುದಿಲ್ಲ. ಸತ್ತು ಹದಿನಾಲ್ಕು ದಿನ ಆಯ್ತು."

ಬೇರೆಯವನಾದರೆ ನಗುತ್ತಿದ್ದ. ಇವನು ಕರ್ಚೀಫು ಎತ್ತಿ, ಮಡಚಿ, ನನ್ನ ಕೈಗಿಟ್ಟ. ಆದರೂ ಕೂರಲಿಲ್ಲ. ಕೊನೆಗೆ ನಾನೇ, "ಕೂತ್ಕೊ ಮಾರಾಯ, ಇಲ್ಲದಿದ್ರೆ ಬೇರೆ ಯಾರಾದ್ರೂ ಕೂರ್ತಾರೆ" ಎಂದು ಗದರಿಸಿದೆ.

ಮುಂಬ್ರಾ ದಾಟುವಾಗ ನನ್ನ ಕೆಲಸ ಏನೆಂದು ಕೇಳಿದ. ಹೇಳಿದೆ. "ನೀವು ಉಡುಪಿ ಮಂದಿ ಸಾಂಬಾರಿಗೆ ಬೆಲ್ಲ ಹಾಕ್ತೀರಿ. ಅದು ಸಾಂಬಾರೋ, ಪಾಯಸೋ?" ಎಂದ. ನಾನು ಸುಮ್ಮನಿರುವವನಾ? ಅಲ್ಲಿಂದ ದಾದರಿನ ತನಕ ಜಗಳ. ನಿನ್ನ ಹತ್ತಿರ ಇದೆಲ್ಲಿ ಸಾಧ್ಯವಿತ್ತು? ನೀನು ಹೂಂ ಹೂಂ ಎನ್ನುತ್ತ ತೂಕಡಿಸುತ್ತಿದ್ದೆ.

ನಾನು ಇಳಿಯುವಾಗ ಅವನು, "ನಾಳೆ ಬರ್ತೀರಲ್ರಿ? ಮಾತು ಇನ್ನೂ ಮುಗದಿಲ್ಲ" ಎಂದ.

ಹೋಟೆಲಿಗೆ ಕಾಲಿಟ್ಟಾಗ ಯಜಮಾನರು, "ಎಂತ ಮಾರಾಯ್ರೆ, ಯಾವತ್ತಿನಿಂದ ಬಿಡುದು? ನಾನು ಬೇರೆ ಜನ ನೋಡ್ಬೇಕಲ್ಲ?" ಎಂದರು.

"ಬಿಡ್ತೇನೆ ಅಂತ ಯಾರು ಹೇಳಿದ್ದು ನಿಮಗೆ?" ಎಂದು ಅವರನ್ನೇ ಜೋರು ಮಾಡಿ ಅಡುಗೆಮನೆಗೆ ಹೋದೆ.

ಇದಾಗಿ ಎಂಟು ತಿಂಗಳಾಯಿತು, ಶೀನ. ಒಂದು ದಿನವೂ ರಜೆ ಹಾಕಿಲ್ಲ.

ನಿನ್ನ,
ಗೋಪಾಲ