ಹನ್ನೆರಡನೆಯ ಕುರ್ಚಿ

ಮಾರ್ಚ್ 29, ಶನಿವಾರ. ಸಂಜೆ 6.30

ಮೂರನೆಯ ಕ್ಲಾಸ್ ಮುಗಿಯಿತು. ಪಾಠ ಮೋಶೆಯದು. ಎಲ್ಲರ ತಕರಾರು ಒಬ್ಬನೇ ತೀರಿಸುತ್ತ ಕುಳಿತವನಿಗೆ ಮಾವ ಬಂದು ಬುದ್ಧಿ ಹೇಳಿದ್ದು. ಚರ್ಚ್ ಕಮಿಟಿಯ ಗಂಡಸರು ತಲೆಯಾಡಿಸಿದರು, ಚಹಾ ಕುಡಿದರು, ಫೋಟೋ ತೆಗೆಸಿಕೊಂಡರು. 'ಬೈಬಲಿನಲ್ಲಿ ನಾಯಕತ್ವ', ಆರು ಶನಿವಾರ. ಇಂಗ್ಲಿಷ್ ನೋಟ್ಸ್ ಓದಿ ಕನ್ನಡದಲ್ಲಿ ಹೇಳಬಲ್ಲೆ ಎಂದು ಸಭಾಪಾಲಕರು ನನಗೇ ವಹಿಸಿದ್ದಾರೆ. ಹೇಳುತ್ತೇನೆ. ಯಾರಿಗೆ ತಾಗುತ್ತದೋ ಗೊತ್ತಿಲ್ಲ. ನನಗೆ?

ಏಪ್ರಿಲ್ 5, ಶನಿವಾರ

ಇವತ್ತು ಯೇಸು ಶಿಷ್ಯರ ಪಾದ ತೊಳೆದ ಪಾಠ. ದೇವಕಮ್ಮ ವರಾಂಡ ಗುಡಿಸುತ್ತಿದ್ದಳು. ಮುದನಾಳದವಳು, ಇಪ್ಪತ್ತು ವರ್ಷದಿಂದ ನಮ್ಮ ಚರ್ಚಿನ ಕಸ ಅವಳದೇ. ಪೊರಕೆ ಗೋಡೆಗೆ ಒರಗಿಸಿ ಬಾಗಿಲಲ್ಲಿ ನಿಂತಳು.

"ಟೀಚರಮ್ಮ, ಒಂದು ಮಾತು ಕೇಳ್ಲೇನ್ರಿ? ದೊಡ್ಡ ಗುರುವಾರ ಬೋಗಾಣಿಗೆ ನೀರು ತುಂಬಾಕಿ ನಾನು. ಕುಂಡ್ರೋರು ಬರೀ ಇವ್ರು. ನಮ್ಮವು ಕಾಲಲ್ಲೇನ್ರಿ?"

ಕಾರ್ಯದರ್ಶಿ ಪ್ರವೀಣಕುಮಾರ ಬಿಟ್ಟಾನೆಯೇ? "ನಿನ್ನ ಕಾಲು ತೊಳಿಬೇಕಂದ್ರ ಭೀಮಾ ನದೀನ ಈ ಕಡಿ ತಿರುಗಿಸಬೇಕಾಗ್ತದ!"

ಎಲ್ಲ ನಕ್ಕರು.

"ನದಿ ಬ್ಯಾಡ್ರಿ ಸಾಹೇಬ್ರ. ಒಂದು ಚರಗಿ ಸಾಕು."

ನಾನೂ ನಕ್ಕೆ. ಅರ್ಧ. ಅದನ್ನು ಇಲ್ಲಿ ಬರೆಯಲೇಬೇಕು.

ಶುಭ ಶುಕ್ರವಾರದ ಹಿಂದಿನ ದಿನವೇ ದೊಡ್ಡ ಗುರುವಾರ. ಪ್ರತಿ ವರ್ಷ ಅಂದು ಯೇಸುವಿನ ಶಿಷ್ಯರ ಲೆಕ್ಕಕ್ಕೆ ಹನ್ನೆರಡು ಕುರ್ಚಿ, ಕಮಿಟಿಯ ಹನ್ನೆರಡು ಗಂಡಸರು. ಮನೆಯಲ್ಲೇ ಸೋಪು ಹಚ್ಚಿ, ಉಗುರು ಕತ್ತರಿಸಿ, ಹೊಸ ಸಾಕ್ಸ್ ಹಾಕಿ ಬರುತ್ತಾರೆ. ತೊಳೆದ ಕಾಲನ್ನೇ ಸಭಾಪಾಲಕರು ತೊಳೆಯುತ್ತಾರೆ. ಇಷ್ಟು ವರ್ಷ ನೋಡಿದ್ದೇನೆ. ಒಮ್ಮೆಯೂ ಕೇಳಬೇಕು ಎನಿಸಲಿಲ್ಲ...

ಏಪ್ರಿಲ್ 6, ಭಾನುವಾರ

ಆರಾಧನೆಯ ಕೊನೆಯಲ್ಲಿ, ಈ ಸಲ ಪಾದ ತೊಳೆಸಿಕೊಳ್ಳುವವರ ಹೆಸರು ಓದಿದರು. ಹನ್ನೆರಡನೆಯದು ನನ್ನದು — ಪರಿಮಳಾ ಟೀಚರ್. ಮೊದಲ ಸಲ ಒಬ್ಬ ಹೆಂಗಸು. ಚಪ್ಪಾಳೆ. ಖುಷಿಯಾಯಿತು, ಸುಳ್ಳೇಕೆ. ಹೊರಗೆ ಬಂದಾಗ ದೇವಕಮ್ಮ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಖುಷಿ ಅಲ್ಲೇ ಇಳಿಯಿತು.

"ನನ್ನ ಕುರ್ಚಿ ನಿನಗೆ ಕೊಟ್ಟೀನಿ."

"ಖರೇನ್ರಿ?"

"ಖರೇ."

ಏಪ್ರಿಲ್ 12, ಶನಿವಾರ

ಸಭಾಪಾಲಕರಿಗೆ ಹೇಳಿದೆ. ಸಿಟ್ಟು ಮಾಡಲಿಲ್ಲ. ಮೆತ್ತಗೆ ಮಾತಾಡಿದರು, ಅದು ಇನ್ನೂ ಕೆಟ್ಟದ್ದು.

"ಟೀಚರ್, ಫೋಟೋ ಮ್ಯಾಲಿನ ಆಫೀಸಿಗೆ ಹೋಗ್ತಾವ. ಆಕಿ ಕಾಲು ನೋಡೀರೇನ್ರಿ? ಬರೋ ವರ್ಷ ನೋಡೋಣು. ನೀವಾ ಹೇಳಿಬಿಡ್ರಿ ಆಕಿಗಿ, ಹೆಣ್ಮಕ್ಕಳ ಮಾತು ಹೆಣ್ಮಕ್ಕಳಿಗಿ ತಿಳೀತದ."

ಬಿರುಕು ಬಿಟ್ಟ ಕಾಲು ಫೋಟೋಕ್ಕೆ ಆಗದಂತೆ! ಯೇಸು ಕಾಲು ತೊಳೆದ ಆ ಗಲಿಲಾಯದ ಬೆಸ್ತರೇನು ಸಾಕ್ಸ್ ಹಾಕಿದ್ದರೇ? ಮೈ ಉರಿಯಿತು. ಬಾಯಿಂದ ಬಂದದ್ದು ಮಾತ್ರ — "ಆಗಲಿ."

ಅದೇ ಬಾಯಿಂದ ಒಂದು ಗಂಟೆ ದಾವೀದನ ಧೈರ್ಯದ ಪಾಠ ಹೇಳಿದೆ.

ಏಪ್ರಿಲ್ 15

ಹೇಳಿಲ್ಲ.

ಏಪ್ರಿಲ್ 16

ಹೇಳಿಲ್ಲ. ಹೇಳುವುದೂ ಇಲ್ಲ. ಇದು ಧೈರ್ಯವೋ, ಪುಕ್ಕಲುತನವೋ — ನನಗೇ ಬಗೆಹರಿಯುತ್ತಿಲ್ಲ.

ಏಪ್ರಿಲ್ 18, ಶುಭ ಶುಕ್ರವಾರ. ಬೆಳಿಗ್ಗೆ 7

ನಿನ್ನೆಯದು ಬರೆಯುತ್ತೇನೆ.

ದೇವಕಮ್ಮ ನೆಲ್ಲು ಕೊಯ್ದು ಸೀದಾ ಬಂದಿದ್ದಳು. ಹಿಮ್ಮಡಿಯಿಂದ ಮೀನಖಂಡದವರೆಗೆ ಒಣಗಿದ ಕೆಸರು. "ಕಾಲಾದ್ರೂ ತೊಳಕೊಂಡು ಬರಬಾರದಾ?" ಎಂದ ಪ್ರವೀಣಕುಮಾರ.

"ತೊಳಸ್ಕೊಳ್ಳಾಕ ಬಂದೀನಿ. ತೊಳಕೊಂಡು ಯಾಕ ಬರ್ಲ್ರಿ?"

ಎಂದಿನಂತೆ ಬೋಗಾಣಿಗೆ ನೀರು ತುಂಬಿದಳು. ತಂದಿಟ್ಟಳು. ಆಮೇಲೆ ಹನ್ನೆರಡನೆಯ ಕುರ್ಚಿಯಲ್ಲಿ ಕುಳಿತಳು.

ಸಭಾಪಾಲಕರು ಹನ್ನೊಂದು ಜೊತೆ ಪಾದ ತೊಳೆದರು. ಎದ್ದರು. ಟವೆಲಿನಿಂದ ಕೈ ಒರೆಸಿಕೊಂಡು ನನ್ನ ಕಡೆ ಕಣ್ಣು ಮಾಡಿದರು — ನೀವು ನೋಡಿಕೊಳ್ಳಿ ಎಂಬಂತೆ. ನಾನು ಹೋಗಿ ಮೊಣಕಾಲೂರಿದೆ. ಎದೆ ತುಂಬಿತ್ತು. ದೇವಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು.

"ನೀವಲ್ರಿ ಟೀಚರಮ್ಮ. ನೀವು ತೊಳದ್ರ ನೀವು ಒಳ್ಳೇರಾಗ್ತೀರಿ, ಅಷ್ಟ. ಅವ್ರು ತೊಳೀಲಿ."

ಸಭೆಯವರು ಒಂದೇ ಹಾಡನ್ನು ಮೂರು ಸಲ ಹಾಡಿದರು. ಅವಳು ಏಳಲಿಲ್ಲ. ಸಭಾಪಾಲಕರು ಬಗ್ಗಲಿಲ್ಲ. ನಡುವೆ ನಾನು, ಕೈಯಲ್ಲಿ ನೀರು. ಒಂದು ಕ್ಷಣ ನನಗೆ ಸಿಟ್ಟು ಬಂದದ್ದು ಅವಳ ಮೇಲೆ. ದೇವರು ಕ್ಷಮಿಸಲಿ. ಕೊನೆಗೆ ಸಭಾಪಾಲಕರು ಏನೂ ಆಗದವರಂತೆ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭು ಭೋಜನಕ್ಕೆ ನಡೆದರು. ಮುಗಿಯುವವರೆಗೆ ಅವಳು ಕುಳಿತಿದ್ದಳು, ಕೆಸರುಗಾಲಲ್ಲಿ. ಆಮೇಲೆ ಬೋಗಾಣಿ ಎತ್ತಿ ಬೇವಿನ ಬುಡಕ್ಕೆ ನೀರು ಚೆಲ್ಲಿ ಹೋದಳು.

ಐದು ವಾರ ನಾಯಕತ್ವ ಕಲಿಸಿದವಳು ನಾನು!

ಏಪ್ರಿಲ್ 19, ಶನಿವಾರ. ಮಧ್ಯಾಹ್ನ 3

ಪ್ರವೀಣಕುಮಾರನ ಫೋನ್. "ಟೀಚರ್, ಇವತ್ತ ಕೊನಿ ಕ್ಲಾಸು. ಗುರುವಾರದ್ದು ಎತ್ತಬ್ಯಾಡ್ರಿ. ನೆಹೆಮೀಯ ಗೋಡಿ ಕಟ್ಟಿದ್ದು ಹೇಳ್ರಿ. ಯಾರಿಗೂ ಬ್ಯಾಸರಿಲ್ಲ."

ಆಗಲಿ. ನೆಹೆಮೀಯನೇ. ಮೂರನೆಯ ಅಧ್ಯಾಯ ತೆಗೆದೆ. ಪಾಳುಬಿದ್ದ ಪಟ್ಟಣದ ಗೋಡೆಯಲ್ಲಿ ಯಾರು ಯಾವ ಭಾಗ ಕಟ್ಟಿದರೆಂಬ ಪಟ್ಟಿ. ಬೋರ್ಡಿಂಗ್ ಸ್ಕೂಲಿನಿಂದಲೂ ಬರೀ ಹೆಸರು ಎಂದು ಹಾರಿಸಿದ ಪುಟ. ಐದನೆಯ ವಚನದಲ್ಲಿ ಕಣ್ಣು ನಿಂತಿತು. ತೆಕೋವ ಊರಿನ ಜನ ಗೋಡೆ ಕಟ್ಟಿದರಂತೆ. ಅವರ ದೊಡ್ಡವರು ಮಾತ್ರ ಆ ಕೆಲಸಕ್ಕೆ ಕತ್ತು ಬಗ್ಗಿಸಲಿಲ್ಲವಂತೆ.

ನಾಲ್ಕು ಸಲ ಓದಿದೆ.

ದೇವಕಮ್ಮನನ್ನು ಕಾಣಲು ಮುದನಾಳಕ್ಕೆ ಹೋಗಿ ಬಂದೆ. ಮೊದಲು, ಸಭಾಪಾಲಕರು ಬೇಡವೆಂದದ್ದನ್ನು ಮುಚ್ಚಿಟ್ಟದ್ದಕ್ಕೆ ತಪ್ಪಾಯಿತು ಎಂದೆ. "ಗೊತ್ತಿತ್ತು ಬಿಡ್ರಿ" ಎಂದಳು! ಸಂಜೆ ವರಾಂಡದಲ್ಲಿ ಅಲ್ಲ, ಒಳಗೆ, ಮುಂದೆ ಕುಳಿತುಕೋ ಎಂದೆ. ಬರುತ್ತಾಳೆ.

ಐದಕ್ಕೆ ಕ್ಲಾಸ್. ಆ ಒಂದು ವಚನ ಓದುತ್ತೇನೆ, ಪುಸ್ತಕ ಮುಚ್ಚುತ್ತೇನೆ. ಇವಳ ಕಾಲು ತೊಳೆಯುತ್ತೀರಾ ಎಂದು ಎಲ್ಲರ ಮುಂದೆ, ಸಭಾಪಾಲಕರ ಹೆಸರು ಹಿಡಿದು ಕೇಳುತ್ತೇನೆ. ಬೋಗಾಣಿಗೆ ಈ ಸಲ ನೀರು ತುಂಬುವವಳು ನಾನು. ತೊಳೆಯುವವಳಲ್ಲ. ಕುರ್ಚಿ ಒಂದೇ ಸಾಕು. ಅವರು ಇವತ್ತೂ ಬಗ್ಗದಿದ್ದರೆ ನಾನು ಅವಳ ಪಕ್ಕ ನೆಲದ ಮೇಲೆ ಕುಳಿತುಬಿಡುತ್ತೇನೆ, ಏಳುವುದಿಲ್ಲ.