ಎಡೆ ಇಡದ ಕೋಬಿ ವಡಿ

ಮುಧೋಳ, ೧೭ ನವೆಂಬರ್ ೧೯೫೩, ಮಂಗಳವಾರ

ಎಡೆ ಇಡದೆ ಬಡಿಸಬಾರದಿತ್ತು. ಈ ಮನೆಯಲ್ಲಿ ಹೊಸದೇನು ಮಾಡಿದರೂ ಮೊದಲ ಪಾಲು ಇವರ ತೀರಿಹೋದ ಮೊದಲ ಹೆಂಡತಿ ಮಾಯವ್ವಕ್ಕನ ಮಣೆಯ ಮುಂದೆ ಇಡಬೇಕು. ಇವತ್ತು ಹೊಸ ಅಡುಗೆ ಪುಸ್ತಕ ನೋಡಿ ನಾನೂ ಇವರೂ ಸೇರಿ ಎಲೆಕೋಸು ಹೆಚ್ಚಿ ಕೋಬಿ ವಡಿ ಕರಿದೆವು.

"ಕೋಬಿ ಆಕಿ ಎಂದೂ ತಿಂದಾಕಿ ಅಲ್ಲ. ಆಕಿಗ್ಯಾಕ ಎಡಿ? ನೀಡು, ಹಸದೇನಿ" ಎಂದರು.

ಉಣ್ಣುತ್ತಿದ್ದಾಗ ಅಕ್ಕ ಸಾಕಿದ್ದ ನಾಯಿ ಒಳಗೆ ಬಂತು. ಆಕೆ ಹೋದ ಮೇಲೆ ಅದು ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಖಾಲಿ ಮಣೆಯ ಮುಂದೆ ಕೂತು, ಬಾಲ ಅಲ್ಲಾಡಿಸಿ, ಮೇಲೆ ನೋಡುತ್ತ ಬಾಯಿ ತೆರೆಯಿತು. ಆಮೇಲೆ ಏನನ್ನೋ ಅಗಿಯಿತು.

"ನೀವು ಹಾಕಿದ್ರೇನ್ರಿ?"

"ಇಲ್ಲ. ನೀ ಹಾಕಿದೇನ?"

ಇವರು ಅರ್ಧಕ್ಕೇ ಕೈ ತೊಳೆದರು. ನಾನು ಈಗಷ್ಟೇ ಎಡೆ ಇಟ್ಟು ಬಂದೆ. ನಾಯಿ ಅದನ್ನು ಮುಟ್ಟುತ್ತಿಲ್ಲ. ಮಣೆಯ ಕಡೆ ನೋಡುತ್ತ ಅಪ್ಪಣೆಗೆ ಕಾಯುತ್ತಿದೆ.