ನೀಲಿ ಸೀಸೆಯ ನೀರು

ಕಿಲ್‌ಬ್ರೀನ್, ಮೇಯೋ ಸೀಮೆ
೩೧ ಡಿಸೆಂಬರ್ ೧೯೨೨

ಅಮೆರಿಕದಲ್ಲಿರುವ ನನ್ನ ತಂಗಿ ಡೆಲಿಯಾಗೆ,

ನಿನ್ನ ಎರಡು ಕಾಗದಗಳು ಬಂದು ಕಪಾಟಿನಲ್ಲಿ ಕೂತಿವೆ. ಅಕ್ಕ ಮರೆತಳು ಎಂದು ಬೈದುಕೊಂಡಿರುತ್ತೀಯ, ಬೈದುಕೋ. ಸೇತುವೆಯನ್ನು ಸ್ಫೋಟಿಸಿದ ಮೇಲೆ ಟಪಾಲು ದೋಣಿಯಲ್ಲಿ ಬರುತ್ತದೆ ಎಂದು ನೆಪ ಹೇಳಬಹುದು. ನಿಜವಾಗಿ ಬರೆಯಲು ಕೈ ಏಳಲಿಲ್ಲ.

ಪ್ರತಿ ವರ್ಷದ ಕೊನೆಗೆ ಊರಿನ ಸುದ್ದಿಯ ಪಟ್ಟಿ ಕಳಿಸುತ್ತೇನಲ್ಲ, ಇದು ಈ ಸಲದ್ದು. ಚಳಿಗಾಲ ಮುಗಿಯುವ ಮೊದಲೇ ಇಂಗ್ಲಿಷ್ ಸಿಪಾಯಿಗಳು ಹೊರಟುಹೋದರು. ನಾವು ಗುಡ್ಡದ ಮೇಲೆ ಬೆಂಕಿ ಹಾಕಿ ಕುಣಿದೆವು. ಜೂನ್ ಹೊತ್ತಿಗೆ ಇಂಗ್ಲಿಷರ ಜೊತೆಗಿನ ಒಪ್ಪಂದ ಬೇಕೆನ್ನುವವರೂ ಬೇಡವೆನ್ನುವವರೂ ಬಂದೂಕು ಹಿಡಿದರು, ಎಲ್ಲ ನಮ್ಮವರೇ. ಡಬ್ಲಿನ್ನಿನಲ್ಲಿ ದಾಖಲೆಗಳ ಮನೆ ಸುಟ್ಟು, ಎಷ್ಟೋ ತಲೆಮಾರಿನ ಹುಟ್ಟು ಸಾವಿನ ಪುಸ್ತಕಗಳು ಬೂದಿಯಾದವು. "ಹೋಗ್ಲಿ ಬಿಡೇ, ಸತ್ತೋರ ವಯಸ್ಸು ಕೇಳೋರ್ಯಾರು" ಅಂದರು ನಿನ್ನ ಭಾವ ಕೋಲ್ಮನ್. ಆಗಿನ್ನೂ ಅವರು ತಮಾಷೆ ಮಾಡುತ್ತಿದ್ದರು.

ಫಾದರ್ ಗಿಲ್ವಾರಿಯವರ ಪುಸ್ತಕದಲ್ಲಿ ಈ ವರ್ಷ ಹನ್ನೊಂದು ಹುಟ್ಟು, ಹದಿನಾಲ್ಕು ಸಾವು. ಕಮ್ಮಾರ ಫೆಸ್ಟಸ್ ಹೋದ. ಮೂರೇ ವಾರಕ್ಕೆ ಅವನ ಹೆಂಡತಿಯೂ ಹೋದಳು. "ಅಲ್ಲೂ ಬಿಡಲ್ಲ ಇವಳು ಅವನನ್ನ" ಅಂತ ಜನ ಆಡಿಕೊಂಡರು.

ನಮ್ಮ ಸಬೀನಾ ನವೆಂಬರಿನಲ್ಲಿ ಹೆತ್ತಳು, ದಿನ ತುಂಬುವ ಎರಡು ತಿಂಗಳು ಮೊದಲೇ. ಒಪ್ಪಂದ ಬೇಡವೆಂದ ಅಳಿಯ ಸೆರೆಯಲ್ಲಿದ್ದಾನೆ. ಸೂಲಗಿತ್ತಿ ಮಗುವನ್ನು ನೋಡಿದವಳೇ, "ಫಾದರ್ ಹೊಳೆ ದಾಟಿ ಬರೋವರೆಗೆ ಇದು ಕಾಯಲ್ಲ ಹನೋರಾ. ನೀನೇ ನೀರು ಹಾಕಿ ಜ್ಞಾನಸ್ನಾನ ಮಾಡು" ಅಂದಳು. ಬಕೆಟ್ಟಿನ ನೀರಾದರೂ ನಡೆಯುತ್ತಿತ್ತು. ಮೊದಲ ಮೊಮ್ಮಗಳಿಗೆ ಬರೀ ಬಾವಿ ನೀರೇ ಅನ್ನಿಸಿ, ಬಾಗಿಲ ಪಕ್ಕದ ಪವಿತ್ರ ಜಲದ ನೀಲಿ ಸೀಸೆ ತೆಗೆದೆ. ಹಣೆಯ ಮೇಲೆ ಹೊಯ್ದು, ನಮ್ಮ ಅಮ್ಮನ ಹೆಸರೇ ಇಟ್ಟು ಜ್ಞಾನಸ್ನಾನದ ಮಾತುಗಳನ್ನು ಹೇಳಿದೆ. ಮಗು ಮುಖ ಕಿವಿಚಿತು. ಆಗ ವಾಸನೆ ಬಂತು. ಕಳ್ಳಭಟ್ಟಿ, ಡೆಲಿಯಾ. ಸೂಲಗಿತ್ತಿ ಬಕೆಟ್ಟಿಗೆ ಓಡಿದಳು. ಅವಳು ತಿರುಗುವಷ್ಟರಲ್ಲಿ ಮಗು ಹೋಗಿತ್ತು.

ಅಕ್ಟೋಬರಿನಲ್ಲಿ ಹೊಸ ಸರ್ಕಾರದ ಸಿಪಾಯಿಗಳು ಮನೆ ಜಾಲಾಡಲು ಬಂದಾಗ ಇದ್ದ ಸಾರಾಯಿ ಆ ಸೀಸೆ ಸೇರಿತ್ತು. ಪವಿತ್ರ ಜಲವನ್ನು ಯಾರು ಮೂಸಿ ನೋಡುತ್ತಾರೆ? ಒಬ್ಬ ಸಿಪಾಯಿ ಅದರ ಮುಂದೆ ಶಿಲುಬೆ ಗುರುತು ಮಾಡಿಕೊಂಡು ಹೋದ. ಸಂಜೆ ಅದನ್ನು ಹೇಳಿಕೊಂಡು ನಾನೂ ಕೋಲ್ಮನ್ನೂ ಎಷ್ಟು ನಕ್ಕಿದ್ದೆವು. ಹೆರಿಗೆಯ ಗಡಿಬಿಡಿಯಲ್ಲಿ ಅದು ನೆನಪಿಗೇ ಬರಲಿಲ್ಲ.

ಫಾದರ್ ಮಧ್ಯಾಹ್ನ ಬಂದರು. "ಹಾಕಿದ್ದು ನೀರು ತಾನೇ?" ಅಂದರು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಪಾದ್ರಿಗಳ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ, ಇದ್ದದ್ದು ಹೇಳಿದೆ.

"ಆ ಸೀಸೇಲಿ ಅದನ್ನ ತುಂಬಿದ್ದು ಯಾರು?"

"ನಾನೇ ಫಾದರ್" ಅಂದರು ಕೋಲ್ಮನ್.

"ನೀರಲ್ಲ ಅಂದ್ಮೇಲೆ ಜ್ಞಾನಸ್ನಾನ ಆಗಿಲ್ಲ. ಚರ್ಚಿನ ಮಣ್ಣಿಗೆ ತರೋ ಹಾಗಿಲ್ಲ."

ಹೊತ್ತು ಮುಳುಗುವಾಗ ಕೋಲ್ಮನ್ ಬೆಣ್ಣೆಯ ಪೆಟ್ಟಿಗೆಯಲ್ಲಿ ಮಗುವನ್ನಿಟ್ಟುಕೊಂಡು ಒಬ್ಬರೇ ಸಮುದ್ರದ ದಿಬ್ಬಕ್ಕೆ ಹೋದರು. ಜ್ಞಾನಸ್ನಾನವಾಗದ, ಹೆಸರಿಲ್ಲದ ಕೂಸುಗಳನ್ನು ಹುಗಿಯುವ ಜಾಗ ನಿನಗೆ ಗೊತ್ತಲ್ಲ, ಚಿಕ್ಕವರಿದ್ದಾಗ ಅಲ್ಲಿ ಓಡಿ ದಾಟುತ್ತಿದ್ದೆವು. ಅಮ್ಮನ ಪಕ್ಕದಲ್ಲಿ ಜಾಗವಿತ್ತು. ನನಗೆ ತಡೆಯಲಾಗುವುದಿಲ್ಲ.

ಅವತ್ತಿನಿಂದ ಸಬೀನಾ ಅಪ್ಪನ ಮುಖ ನೋಡಿಲ್ಲ. ಅವರು ಎದುರಿಗೇ ಕೂತಿರುವಾಗ, "ಅಮ್ಮ, ಆ ಮನುಷ್ಯನಿಗೆ ಹೇಳು, ಆಲೂಗಡ್ಡೆ ಬೆಂದಿದೆ" ಅನ್ನುತ್ತಾಳೆ. "ಕೇಳಿಸ್ತು ಮಗಳೇ" ಅನ್ನುತ್ತಾರೆ ಅವರು. ಗಂಡ ಬಿಡುಗಡೆಯಾದ ಕೂಡಲೇ ಇಬ್ಬರೂ ನಿನ್ನಲ್ಲಿಗೆ ಬರುತ್ತಾರಂತೆ. ಅಪ್ಪ ಸತ್ತ ಸುದ್ದಿ ಬಂದರೂ ತಿರುಗಿ ಬರುವುದಿಲ್ಲವಂತೆ. ಅಲ್ಲಿಗೆ ಬಂದರೆ ಇಬ್ಬರನ್ನೂ ಚೆನ್ನಾಗಿ ನೋಡಿಕೋ.

ನಿನ್ನ ಮಕ್ಕಳಿಗೆ ದೇವಮಾತೆಯ ನೆರಳಿರಲಿ. ನೀನು ಬೆಚ್ಚಗಿರು, ಎದೆ ಕೆಮ್ಮು ಅಲಕ್ಷ್ಯ ಮಾಡಬೇಡ.

ನಿನ್ನ ಅಕ್ಕ
ಹನೋರಾ

ಮರೆತ ಮಾತು: ನಿನ್ನ ಪಟ್ಟಿಯಲ್ಲಾದರೂ ಹನ್ನೆರಡು ಹುಟ್ಟು, ಹದಿನೈದು ಸಾವು ಅಂತ ಬರೆದುಕೋ. ಹೆಸರು ವಿನಿಫ್ರೆಡ್.

ಸೀಸೆ ತುಂಬಿದ್ದು ನಾನು. ಸಿಪಾಯಿಗಳು ಬಂದ ಹೊತ್ತಿಗೆ ಕೋಲ್ಮನ್ ಮನೆಯಲ್ಲೇ ಇರಲಿಲ್ಲ, ಸಬೀನಾ ಇನ್ನೂ ಗಂಡನ ಮನೆಯಲ್ಲಿದ್ದಳು. ಫಾದರ್ ಕೇಳಿದಾಗ ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವರು ಹೇಳಿಬಿಟ್ಟರು. ಆಮೇಲೆ, "ಅವಳಿಗೆ ಅಮ್ಮನಾದ್ರೂ ಉಳೀಲಿ ಕಣೇ" ಅಂದರು. ನಾನು ಸುಮ್ಮನಾದೆ. ಇವತ್ತಿಗೂ ಸುಮ್ಮನಿದ್ದೇನೆ. ಬೆಳಿಗ್ಗೆ ಸಬೀನಾ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ತಲೆ ಬಾಚಿದಳು.